ಕಡ ಕೊಟ್ಟ ಮಕ್ಕಳು

ಸೀಗೆಕಟ್ಟೆಯ ಹೆಡ್‌ಮೇಷ್ಟ್ರು ಶಂಕರಲಿಂಗಪ್ಪನವರು ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು, ಕಾಡಯ್ಯನಪಾಳ್ಯದ ಸ್ಕೂಲಿನ ಬಾಗಿಲಲ್ಲಿ ನಿಂತು ಕೆಮ್ಮಿದರು. ಒಳಗೆ ಮಗ್ಗಿ ನಡೆಯುತ್ತಿತ್ತು. ನರಸಮ್ಮ ತಿರುಗಿ ನೋಡಿದಳು, ಆದರೆ ಮಗ್ಗಿ ನಿಲ್ಲಿಸಲಿಲ್ಲ. ಅದು ಮುಗಿಯುವವರೆಗೂ ಹೆಡ್‌ಮೇಷ್ಟ್ರು ಬಿಸಿಲಲ್ಲೇ ನಿಂತಿರಬೇಕಾಯಿತು. ಪ್ರತಿ ಸಲ ಯಾರ ಕೈಲಾದರೂ ಹೇಳಿ ಕಳಿಸುತ್ತಿದ್ದ ಮನುಷ್ಯ ಈ ಸಲ ತಾವೇ ಹಳ್ಳ ದಾಟಿ ಬಂದಿದ್ದಾರೆಂದರೆ ಕೆಲಸ ದೊಡ್ಡದೇ ಇರಬೇಕು ಎಂದು ಅವಳು ಮಗ್ಗಿಯ ನಡುವೆಯೇ ಅಂದುಕೊಂಡಳು.

ಕೆಲಸ ದೊಡ್ಡದೇ ಇತ್ತು. ಇನ್ಸ್‌ಪೆಕ್ಟರ್ ಜಯರಾಮಯ್ಯನವರು ತಮ್ಮ ಕೈಕೆಳಗಿನ ನಾಲ್ಕು ತಾಲ್ಲೂಕುಗಳಿಗೂ ಒಬ್ಬೊಬ್ಬ ಉತ್ತಮ ಉಪಾಧ್ಯಾಯರನ್ನು ಆರಿಸಿ, ಮಧುಗಿರಿಯಲ್ಲಿ ಸಭೆ ಮಾಡಿ, ಶಾಲು ಹೊದಿಸಬೇಕೆಂದು ತೀರ್ಮಾನಿಸಿದ್ದರು. ಅಂಥದ್ದೊಂದು ಆ ಕಡೆ ನಡೆಯುತ್ತಿದ್ದದ್ದು ಅದೇ ಮೊದಲು. ಶಿರಾ ತಾಲ್ಲೂಕಿಗೆ ಶಂಕರಲಿಂಗಪ್ಪನವರೇ ಆರಿಸಿ ಬಂದಿದ್ದರು. ಶನಿವಾರ ಸಭೆ. ಜಿಲ್ಲೆಯ ವಿದ್ಯಾಧಿಕಾರಿಗಳು ತುಮಕೂರಿನಿಂದ ಬರುತ್ತಾರೆ. ಶಾಲು ಹೊದಿಸಿಕೊಳ್ಳುವ ಮುಂಚೆ ಒಬ್ಬೊಬ್ಬರೂ ತಮ್ಮ ಸ್ಕೂಲಿನ ಮಕ್ಕಳನ್ನು ವೇದಿಕೆಯ ಮೇಲೆ ಕೂರಿಸಿಕೊಂಡು ಒಂದು ಆದರ್ಶ ಪಾಠ ಮಾಡಿ ತೋರಿಸಬೇಕು. ಹೆಡ್‌ಮೇಷ್ಟ್ರಿಗೆ ಈಗ ಆ ಮಕ್ಕಳು ಬೇಕಾಗಿದ್ದರು.

"ಇನ್ಸ್‌ಪೆಕ್ಷನ್ ದಿವ್ಸ ಬಂದಿದ್ದವೇ ಬೇಕು ಕಣಮ್ಮ," ಎಂದರು. "ಸಾಹೇಬ್ರು ಮುಖ ಗುರುತಿಟ್ಕೊಂಡಿರ್ತಾರೆ. ಅದ್ರಲ್ಲೂ ಪೇಪರ್ ಓದಿದ್ಲಲ್ಲ, ಆ ಸಾಬರ ಹುಡುಗಿ, ಅವಳಂತೂ ಬೇಕೇ ಬೇಕು."

"ಅವಳನ್ನ ಬಿಡಿಸ್ಬುಟ್ರು ಸಾರ್."

"ಯಾಕೆ?"

ನರಸಮ್ಮ ಅವರ ಮುಖವನ್ನೇ ನೋಡಿದಳು. ಹೆಡ್‌ಮೇಷ್ಟ್ರು ಸೈಕಲ್ಲಿನ ಕಡೆ ನೋಡಿದರು. ಯಾಕೆ ಎಂದು ಕೇಳಬಾರದವರು ಈ ಲೋಕದಲ್ಲಿ ಒಬ್ಬರಿದ್ದರೆ ಅದು ಅವರೇ, ಮತ್ತು ಕೇಳಿದ ಮೇಲೆ ಅದು ಅವರಿಗೂ ಹೊಳೆದಿತ್ತು.

ಮಕ್ಕಳನ್ನು ಕಡ ಕೊಡುವುದು ಆ ಸೀಮೆಯ ಸ್ಕೂಲುಗಳಲ್ಲಿ ಯಾರೂ ತಪ್ಪೆಂದು ತಿಳಿದದ್ದಲ್ಲ. ಇನ್ಸ್‌ಪೆಕ್ಷನ್ ಬಂತೆಂದರೆ ಒಂದು ಸ್ಕೂಲಿನ ಭೂಪಟ ಇನ್ನೊಂದು ಸ್ಕೂಲಿನ ಗೋಡೆಗೆ ಹೋಗುತ್ತಿತ್ತು, ಅಲ್ಲಿನ ಗಡಿಯಾರ ಇಲ್ಲಿಗೆ ಬರುತ್ತಿತ್ತು. ಮದುವೆಗೆ ಹಂಡೆ, ಕೊಳಗ ಕೊಟ್ಟು ತಂದ ಹಾಗೆ ಎಲ್ಲವೂ ಮರುದಿನ ಅವರವರ ಮನೆ ಸೇರುತ್ತಿತ್ತು. ಹಾಗೆಯೇ ಓದುವ ಮಕ್ಕಳೂ ಬೇಕಾದ ಕಡೆಗೆ ಹೋಗಿ ಕೂತು, ಕೇಳಿದ್ದಕ್ಕೆ ಉತ್ತರ ಹೇಳಿ ವಾಪಸು ಬರುತ್ತಿದ್ದರು. ಸೀಗೆಕಟ್ಟೆ ದೊಡ್ಡ ಊರು, ದೊಡ್ಡ ಸ್ಕೂಲು. ಆದರೆ ಶಂಕರಲಿಂಗಪ್ಪನವರು ಮೇಷ್ಟ್ರಷ್ಟೇ ಅಲ್ಲ, ಊರಿನ ಪೋಸ್ಟ್ ಮಾಸ್ತರೂ ಹೌದು. ಟಪಾಲು ಬರುವುದು ಪಾಠದ ಹೊತ್ತಿಗೆ. ಅದನ್ನು ಮುದ್ರೆ ಒತ್ತಿ ಹಂಚುವಷ್ಟರಲ್ಲಿ ಊಟದ ಗಂಟೆ. ಆಮೇಲೆ ಪಂಚಾಯಿತಿ ಕಟ್ಟೆ. ಹೀಗಾಗಿ ಅವರ ಮಕ್ಕಳು ಒಳ್ಳೆಯವೇ ಆದರೂ ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿಕೊಂಡು ಓದಲು ಬೆವರುತ್ತಿದ್ದವು.

ಹಳ್ಳದ ಆಚೆ ಕಾಡಯ್ಯನಪಾಳ್ಯದಲ್ಲಿ ಹಾಗಿರಲಿಲ್ಲ. ಅಲ್ಲಿ ಒಂದೇ ಕೋಣೆ, ಒಬ್ಬಳೇ ನರಸಮ್ಮ. ಕೊರಟಗೆರೆ ಕಡೆಯ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಅಣ್ಣಂದಿರ ಮನೆಯ ಒಲೆ ಮುಂದೆ ಕೂರಲಾರೆನೆಂದು ಟ್ರೈನಿಂಗ್ ಮುಗಿಸಿ ಬಂದವಳು. ಅವಳಿಗೆ ಬೇರೆ ಕೆಲಸವಿರಲಿಲ್ಲ, ಬೇರೆ ಮಾತೂ ಇರಲಿಲ್ಲ. ಕುರಿ ಕಾಯುವವರ, ಕಡ್ಲೆಕಾಯಿ ಕೀಳುವವರ ಮಕ್ಕಳನ್ನು ಮನೆಮನೆಗೆ ಹೋಗಿ ಎಳೆದು ತಂದು ಕೂರಿಸಿ, ಓದಲು ಬರುವವರೆಗೂ ಬಿಡುತ್ತಿರಲಿಲ್ಲ. ಹೊಡೆಯುತ್ತಿದ್ದಳೇ ಎಂದರೆ ಹೊಡೆಯುತ್ತಿದ್ದಳು. ಹಾಗೆಯೇ ಹುಡುಗಿಯರ ತಲೆಯ ಹೇನನ್ನೂ ತೆಗೆಯುತ್ತಿದ್ದಳು.

ಅವಳು ಯಾಕೆ ಕಡ ಕೊಡುತ್ತಿದ್ದಳು ಎಂದರೆ, ಅವಳ ಸಂಬಳ, ಸೀಮೆಸುಣ್ಣ, ರಜೆ, ಎಲ್ಲವೂ ಸೀಗೆಕಟ್ಟೆಯ ಹೆಡ್‌ಮೇಷ್ಟ್ರ ಮೂಲಕವೇ ಬರಬೇಕಿತ್ತು. ಮೊದಲ ವರ್ಷ ಅವರು ಕೇಳಿದರು, ಕೊಟ್ಟಳು. ಎರಡನೇ ವರ್ಷ ಕೇಳಲಿಲ್ಲ, ಹೇಳಿ ಕಳಿಸಿದರು. ತೊಂದರೆಯೂ ಇರಲಿಲ್ಲ. ಇನ್ಸ್‌ಪೆಕ್ಟರು ಬರುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಸೀಗೆಕಟ್ಟೆಯ ತಪಾಸಣೆ ಮುಗಿಸಿ, ಹೆಡ್‌ಮೇಷ್ಟ್ರ ಮನೆಯಲ್ಲಿ ಒಬ್ಬಟ್ಟಿನ ಊಟ ಮಾಡಿ, ಒಂದು ನಿದ್ದೆ ತೆಗೆದು, ಗಾಡಿ ಕಟ್ಟಿಸಿಕೊಂಡು ಸುತ್ತಿನ ದಾರಿಯಲ್ಲಿ ಕಾಡಯ್ಯನಪಾಳ್ಯಕ್ಕೆ ಬರುವಷ್ಟರಲ್ಲಿ ಮಕ್ಕಳು ಹಳ್ಳ ದಾಟಿ, ಹೊಲದ ಬದುವಿನ ಮೇಲೆ ಓಡಿ ಬಂದು, ಕಾಲು ತೊಳೆದುಕೊಂಡು ತಮ್ಮ ಜಾಗದಲ್ಲಿ ಕೂತಿರುತ್ತಿದ್ದರು. ಬೆಳಿಗ್ಗೆ ನೋಡಿದ ಮುಖಗಳನ್ನೇ ಸಂಜೆ ನೋಡಿದರೂ ಇನ್ಸ್‌ಪೆಕ್ಟರು ಏನೂ ಅನ್ನುತ್ತಿರಲಿಲ್ಲ. ಒಬ್ಬಟ್ಟು ಉಂಡವರು ಅಷ್ಟೆಲ್ಲ ನೋಡುವುದಿಲ್ಲ.

ಕೆಡಿಸಿದ್ದು ಜೀಪು. ಈ ವರ್ಷ ಜಯರಾಮಯ್ಯನವರಿಗೆ ಬ್ಲಾಕ್ ಆಫೀಸಿನ ಜೀಪು ಸಿಕ್ಕಿತ್ತು. ಅದನ್ನು ಹೊತ್ತಿಗೆ ಸರಿಯಾಗಿ ವಾಪಸು ಕೊಡಬೇಕಾಗಿತ್ತು. ಊಟ ಆಮೇಲೆ ನೋಡೋಣ ಎಂದವರೇ ಹೆಡ್‌ಮೇಷ್ಟ್ರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೊರಟುಬಿಟ್ಟರು. ಸೀಗೆಕಟ್ಟೆಯಲ್ಲಿ ಗೌಹರ್ ಎಂಬ ಹುಡುಗಿ ಎದ್ದು ನಿಂತು, ಅವರು ಕೊಟ್ಟ ಪೇಪರನ್ನು ಮೇಲಿನಿಂದ ಕೆಳಗಿನವರೆಗೂ ನೀರು ಕುಡಿದಂತೆ ಓದಿದ್ದಳು. ಅದರ ಸಂತೋಷ ಇನ್ನೂ ಅವರ ಮುಖದ ಮೇಲಿತ್ತು. ಕಾಡಯ್ಯನಪಾಳ್ಯದಲ್ಲಿ ಜೀಪು ಇಳಿದು ನೋಡಿದರೆ ಖಾಲಿ ಕೋಣೆ, ಬಾಗಿಲ ಬಳಿ ನರಸಮ್ಮ, ಮೂಲೆಯಲ್ಲಿ ಮೂಗು ಸೋರುವ ಎರಡು ಚಿಳ್ಳೆಗಳು.

ನರಸಮ್ಮ ಬಾಯಿ ತೆರೆದಳು. ಮಕ್ಕಳು ಬರ್ತಾ ಇದಾರೆ ಎನ್ನುವಷ್ಟರಲ್ಲಿ ಹೆಡ್‌ಮೇಷ್ಟ್ರು ಮಧ್ಯೆ ಬಿದ್ದು, ಇದು ಕಡ್ಲೆಕಾಯಿ ಕೀಳುವ ಕಾಲ, ಈ ಜನ ಮಕ್ಕಳನ್ನು ಕಳಿಸುವುದಿಲ್ಲ, ಪಾಪ ಆಕೆಯೂ ಏನು ಮಾಡಿಯಾರು ಎಂದು ಬಹಳ ಕನಿಕರದಿಂದ ಹೇಳಿದರು. ಅವರು ನಿಜ ಹೇಳಿದ್ದರೆ ಅವರ ಬುಡಕ್ಕೇ ಬರುತ್ತಿತ್ತು. ಇನ್ಸ್‌ಪೆಕ್ಟರು ನಿಂತ ನಿಲುವಿನಲ್ಲೇ ಬರೆದುಕೊಂಡು ಜೀಪು ಹತ್ತಿದರು. ಜೀಪು ಊರ ತಿರುವು ದಾಟುತ್ತಿದ್ದಾಗ ಮಕ್ಕಳು ಏದುಸಿರು ಬಿಡುತ್ತ ಹೊಲದ ಕಡೆಯಿಂದ ಬಂದರು. ಮುಂದೆ ಓಡಿ ಬಂದವಳು ಗೌಹರ್. ಪೇಪರ್ ಓದಿದ್ದಕ್ಕೆ ಸಾಹೇಬರು ಭೇಷ್ ಅಂದರು ಎಂದು ಹೇಳಲು ಓಡಿ ಬಂದಿದ್ದಳು.

ಜನವರಿಯಲ್ಲಿ ಎರಡು ಆರ್ಡರುಗಳು ಬಂದವು. ಸೀಗೆಕಟ್ಟೆಯ ಹೆಡ್‌ಮೇಷ್ಟ್ರು ತಾಲ್ಲೂಕಿನ ಉತ್ತಮ ಉಪಾಧ್ಯಾಯರು ಎಂದು ಒಂದು. ಕಾಡಯ್ಯನಪಾಳ್ಯದ ಸ್ಕೂಲಿನಲ್ಲಿ ಮಕ್ಕಳಿಲ್ಲವಾದ್ದರಿಂದ ಬೇಸಿಗೆ ರಜೆಯ ನಂತರ ಅದನ್ನು ಸೀಗೆಕಟ್ಟೆಗೆ ಸೇರಿಸುವುದು, ಉಪಾಧ್ಯಾಯಿನಿಯನ್ನು ಪಾವಗಡದ ಗಡಿಗೆ ಹಾಕುವುದು ಎಂದು ಇನ್ನೊಂದು. ವರ್ಗ ಆಗುವುದಕ್ಕೆ ನರಸಮ್ಮ ಹೆದರಿದವಳಲ್ಲ. ಪಾವಗಡದಲ್ಲೂ ಮಕ್ಕಳಿರುತ್ತವೆ, ತೆಲುಗು ಮಾತಾಡುತ್ತವೆ, ಕಲಿತುಕೊಂಡರಾಯಿತು. ಆದರೆ ಕಾಡಯ್ಯನಪಾಳ್ಯದ ಹೆಣ್ಣುಮಕ್ಕಳು ಹಳ್ಳ ದಾಟಿ ಸೀಗೆಕಟ್ಟೆಗೆ ಹೋಗುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಗಂಡುಹುಡುಗರೂ ನಾಲ್ಕು ದಿನ ಹೋಗಿ ಕುರಿಯ ಹಿಂದೆ ಬೀಳುತ್ತಾರೆ. ಆ ಕೋಣೆ ಮುಚ್ಚಿದರೆ ಅಲ್ಲಿಗೆ ಮುಗಿಯಿತು.

ಅವಳು ಮಧುಗಿರಿಗೆ ಹೋಗಿ ಆಫೀಸಿನ ಮುಂದೆ ಕೂತು ಬಂದಿದ್ದಳು. ಇನ್ಸ್‌ಪೆಕ್ಟರು ಕ್ಯಾಂಪಿನಲ್ಲಿದ್ದಾರೆ ಎಂದರು. ಗುಮಾಸ್ತ ಅವಳ ಅರ್ಜಿಯನ್ನು ಓದದೆಯೇ ಹಿಂದಕ್ಕೆ ಕೊಟ್ಟು, ಏನಿದ್ದರೂ ಹೆಡ್‌ಮೇಷ್ಟ್ರ ಮುಖಾಂತರ ಬರಬೇಕು ಎಂದ. ಹೆಡ್‌ಮೇಷ್ಟ್ರ ಮೇಲಿನ ದೂರನ್ನು ಹೆಡ್‌ಮೇಷ್ಟ್ರ ಮುಖಾಂತರವೇ ಕಳಿಸುವ ಈ ಏರ್ಪಾಡು ಯಾರ ತಲೆಯಲ್ಲಿ ಹುಟ್ಟಿತೋ, ಅವರಿಗೂ ಒಂದು ಶಾಲು ಹೊದಿಸಬೇಕಾಗಿತ್ತು.

ಈಗ ಅದೇ ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು ಸಮಾಧಾನ ಹೇಳುತ್ತಿದ್ದರು. ಶನಿವಾರ ಒಂದು ಕಳೆಯಲಿ. ಶಾಲು ಬಿದ್ದ ಮೇಲೆ ತಮ್ಮ ಮಾತಿಗೂ ಒಂದು ತೂಕ ಬರುತ್ತದೆ. ಸಾಹೇಬರ ಕಿವಿಯಲ್ಲಿ ನಿಧಾನಕ್ಕೆ ಹಾಕಿ ಕಾಡಯ್ಯನಪಾಳ್ಯದ ಸ್ಕೂಲನ್ನು ಉಳಿಸಿಕೊಡುವ ಭಾರ ತಮ್ಮದು. ಇಷ್ಟನ್ನು ಹೇಳುವಾಗ ಅವರು ಎರಡು ಸಲ ದೇವರ ಹೆಸರನ್ನೂ ತೆಗೆದುಕೊಂಡರು. ಅವರು ಕೆಟ್ಟ ಮನುಷ್ಯರೇನಲ್ಲ. ಹೇಳುವ ಹೊತ್ತಿಗೆ ಅವರು ಅದನ್ನು ನಂಬಿಯೂ ಇದ್ದರು. ಆದರೆ ಎರಡು ಸ್ಕೂಲು ಒಂದಾದರೆ ಮಕ್ಕಳ ಸಂಖ್ಯೆ ಏರಿ ತಮ್ಮದು ಮಿಡ್ಲ್ ಸ್ಕೂಲಾಗುತ್ತದೆ, ಕೈಕೆಳಗೆ ಇನ್ನೊಬ್ಬ ಮೇಷ್ಟ್ರು ಬರುತ್ತಾರೆ ಎನ್ನುವುದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಮಕ್ಕಳನ್ನ ಕರ್ಕೊಂಡೋಗಿ ಸಾರ್," ಎಂದಳು ನರಸಮ್ಮ. "ನಾನೂ ಬತ್ತೀನಿ."

"ನೀವ್ಯಾಕಮ್ಮ ತೊಂದ್ರೆ ತಗೋತೀರಿ?"

"ಬಸ್ಸು ಕಂಡಿಲ್ಲ ಅವು. ವಾಂತಿ ಮಾಡ್ಕೊಂಡ್ರೆ ಯಾರು ಹಿಡೀತಾರೆ?"

ಹೆಡ್‌ಮೇಷ್ಟ್ರಿಗೆ ಅದು ಸರಿಯೆನಿಸಿತು. ವಾಂತಿ ಹಿಡಿಯುವುದಕ್ಕೆ ಅವರಿಗೆ ಯಾರೂ ಇರಲಿಲ್ಲ.

ಅವತ್ತು ಸಂಜೆ ನರಸಮ್ಮ ನಬೀ ಸಾಬನ ಮನೆಗೆ ಹೋದಳು. ಅವನು ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುವವನು. ಅಂಗಳದಲ್ಲಿ ಕೆಂಡಕ್ಕೆ ಗಾಳಿ ಊದುವ ತಿದಿಯನ್ನು ಬಿಚ್ಚಿಟ್ಟುಕೊಂಡು ಅದರ ಚರ್ಮಕ್ಕೆ ಎಣ್ಣೆ ಸವರುತ್ತಿದ್ದ. ಅವಳನ್ನು ಕಂಡ ಕೂಡಲೇ ಎದ್ದು, ಹೆಂಡತಿ ರಹಮತ್ ಬಿಯನ್ನು ಕೂಗಿ ಚಾಪೆ ಹಾಕಿಸಿದ. ಗೌಹರ್ ಎಲ್ಲಿ ಎಂದು ನರಸಮ್ಮ ಕೇಳಲಿಲ್ಲ. ಶಿರಾದಲ್ಲಿ ಖಾಲಾ ಮನೆಯಲ್ಲಿ, ಚಿಕ್ಕಮ್ಮನ ಹತ್ತಿರ ಇದ್ದಾಳೆ, ಬೀಡಿ ಕಟ್ಟುವುದನ್ನು ಕಲಿಯುತ್ತಿದ್ದಾಳೆ ಎನ್ನುವುದು ಊರಿಗೇ ಗೊತ್ತಿತ್ತು. ಶನಿವಾರ ಒಂದು ದಿನಕ್ಕೆ ಅವಳನ್ನು ಮಧುಗಿರಿಗೆ ಕಳಿಸು ಎಂದಳು.

ನಬೀ ಸಾಬ ತಿದಿಯನ್ನು ಪಕ್ಕಕ್ಕಿಟ್ಟ.

"ನಿಮ್ಮ ಮ್ಯಾಲೆ ನಂಗೆ ಸಿಟ್ಟಿಲ್ಲ ಮೇಡಮ್ಮ," ಎಂದ. "ಇಸ್ಕೂಲು ಇರೋಗಂಟ ನಾನು ಒಂದ್ ದಿನ ಬಿಡಿಸಿದ್ನಾ? ಹಳ್ಳದಾಚೆಗೆ ಹೆಣ್ಣುಡುಗೀನ ಕಳಿಸಿ, ನಾನು ಯಾವ್ದೋ ಊರಾಗೆ ತಿದಿ ಒತ್ಕೊಂಡು ಕುಂತಿದ್ರೆ, ಇಲ್ಲಿ ಇವಳು ಹೆಂಗೆ ತಡ್ಕೋತಾಳೆ? ಬ್ಯಾಸಗೆ ಆದ್ಮೇಲೆ ಬಿಡ್ಸೋದು ಇದ್ದೇ ಐತೆ. ಅದ್ಕೆ ಈಗ್ಲೇ ಬಿಡಿಸ್ದೆ. ಇನ್ನು ಒಂದ್ ದಿನಕ್ಕೆ ಅಂತ ಕರ್ಸಾಕಾಗಲ್ಲ."

ಒಳಗಿನಿಂದ ರಹಮತ್ ಬಿ ಬಾಗಿಲಿಗೆ ಬಂದು ನಿಂತಳು. ಹುಡುಗಿ ಹೋಗುವಾಗ ಸ್ಲೇಟು ತೆಗೆದುಕೊಂಡು ಹೋದಳು, ಅಲ್ಲಿ ಬೀಡಿ ಎಲೆ ಕತ್ತರಿಸುವುದಕ್ಕೆ ಅಳತೆಗೆ ಇಟ್ಟುಕೊಂಡಿದ್ದಾಳಂತೆ ಎಂದಳು. ನರಸಮ್ಮನಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಗೊತ್ತಾಗದೆ ಮೊದಲು ನಬೀ ಸಾಬನ ಮೇಲೆ, ಆಮೇಲೆ ಜೀಪಿನ ಮೇಲೆ, ಆಮೇಲೆ ಬಾಯಿ ಮುಚ್ಚಿಕೊಂಡು ನಿಂತಿದ್ದ ತನ್ನ ಮೇಲೆ ಸಿಟ್ಟು ಬಂತು. ಹಾಲು ಹಾಕಿದ ಚಹಾ ಕೊಟ್ಟರು. ಅದನ್ನು ಬಿಸಿಬಿಸಿಯಾಗಿ ಒಂದೇ ಸಲಕ್ಕೆ ಕುಡಿದು ಎದ್ದು ಬಂದಳು.

ವಿದ್ಯಾಧಿಕಾರಿಗಳು ಬರುತ್ತಾರಲ್ಲ, ಅವರನ್ನು ಹೇಗಾದರೂ ಹಿಡಿದು ಬಾಯಲ್ಲೇ ಹೇಳಿಬಿಡಬೇಕು ಎನ್ನುವುದು ಅವಳ ಆಲೋಚನೆಯಾಗಿತ್ತು. ಅದಕ್ಕಿಂತ ಹೆಚ್ಚಿನದೇನೂ ಅವಳ ತಲೆಯಲ್ಲಿರಲಿಲ್ಲ.

ಶನಿವಾರ ಮಧುಗಿರಿಯಲ್ಲಿ ಬೆಟ್ಟದ ಕಡೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬಾಳೆಕಂದು, ಮಾವಿನ ತೋರಣ, ಎರಡು ಕಂಬಗಳಿಗೆ ಕಟ್ಟಿದ ಧ್ವನಿವರ್ಧಕದ ಕಹಳೆಗಳು. ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳು ಕೋಟು ಹಾಕಿಕೊಂಡು, ಕೋಟಿಲ್ಲದವರು ಅಂಗವಸ್ತ್ರ ಹೊದ್ದುಕೊಂಡು ಬಂದಿದ್ದರು. ಹೆಂಗಸರಿಗೆ ಒಂದು ಮಗ್ಗುಲಲ್ಲಿ ಬೆಂಚು ಹಾಕಿದ್ದರು. ನರಸಮ್ಮನನ್ನು ಅಲ್ಲಿ ಕೂರಿಸಿ, ಹೆಡ್‌ಮೇಷ್ಟ್ರು ಮಕ್ಕಳನ್ನು ವೇದಿಕೆಯ ಹಿಂದಕ್ಕೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಮೂವರು ವಾಂತಿ ಮಾಡಿಕೊಂಡಿದ್ದರು. ಅವಳ ಸೀರೆಯ ಒಂದು ಕಡೆ ಇನ್ನೂ ಒದ್ದೆಯಾಗಿತ್ತು.

ವಿದ್ಯಾಧಿಕಾರಿಗಳ ಹತ್ತಿರ ಹೋಗುವುದು ಸಾಧ್ಯವಾಗಲಿಲ್ಲ. ಅವರು ಕಾರಿನಿಂದ ಇಳಿದದ್ದೇ ಹಾರಗಳ ನಡುವೆ ಕಾಣದಾದರು. ಒಂದು ಸಲ ಎದ್ದು ಮುಂದೆ ಹೋದಳು. ಎದೆಗೆ ಬಣ್ಣದ ಕಾಗದದ ಹೂ ಚುಚ್ಚಿಕೊಂಡ ಮೇಷ್ಟ್ರೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಬನ್ನಿ ಎಂದು ಕೈ ಅಡ್ಡ ಹಿಡಿದರು. ಕಾರ್ಯಕ್ರಮ ಮುಗಿದ ಮೇಲೆ ಸಾಹೇಬರು ನೇರವಾಗಿ ಊಟಕ್ಕೆ ಹೋಗುತ್ತಾರೆ, ಅಲ್ಲಿಂದ ತುಮಕೂರಿಗೆ ಹೋಗುತ್ತಾರೆ ಎಂದು ಪಕ್ಕದ ಬೆಂಚಿನ ಹೆಂಗಸೊಬ್ಬರು ಹೇಳಿದರು. ನರಸಮ್ಮ ವಾಪಸು ಬಂದು ಕೂತಳು.

ಮೊದಲು ಪಾವಗಡದವರ ಸರದಿ ಬಂತು. ನಾಗಲಮಡಿಕೆಯ ಆಚೆಗಿನ ಯಾವುದೋ ಹಳ್ಳಿಯ ಗಂಗಹನುಮಯ್ಯ ಮೇಷ್ಟ್ರು, ಚಪ್ಪಲಿಯಿಲ್ಲದ ಕಾಲಿನವರು, ತಮ್ಮ ಮಕ್ಕಳಿಗೆ ಲೆಕ್ಕ ಕೇಳಿದರು. ಒಬ್ಬ ಹುಡುಗ ಗಾಬರಿಯಲ್ಲಿ ಉತ್ತರವನ್ನು ತೆಲುಗಿನಲ್ಲಿ ಹೇಳಿಬಿಟ್ಟ. ಸಭೆ ನಕ್ಕಿತು. ಮೇಷ್ಟ್ರೂ ನಕ್ಕರು. "ಲೇ ಓಬುಳೇಸಾ, ಉತ್ತರ ಸರಿ ಐತೆ, ಈಗ ಕನ್ನಡದಾಗೆ ಹೇಳಪ್ಪ, ಸಾಹೇಬ್ರಿಗೆ ತಿಳೀಲಿ," ಎಂದರು. ಹುಡುಗ ಹೇಳಿದ. ವಿದ್ಯಾಧಿಕಾರಿಗಳಿಗೆ ಅದು ಬಹಳ ಹಿಡಿಸಿತು. ಮಕ್ಕಳನ್ನು ಹೀಗೆ ಹೆಸರು ಹಿಡಿದು ಮಾತಾಡಿಸುವುದೇ ಪಾಠದ ಅರ್ಧ ಎಂದು ಅವರು ಅಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದರು.

ಆಮೇಲೆ ಶಂಕರಲಿಂಗಪ್ಪನವರು ಬಂದರು. ಹಿಂದೆ ಕಾಡಯ್ಯನಪಾಳ್ಯದ ಮಕ್ಕಳು ಬಂದು ಎರಡು ಸಾಲಿನಲ್ಲಿ ಕೂತವು. ತಲೆಗೆ ಎಣ್ಣೆ ಹಚ್ಚಿ ಅವಳೇ ಬಾಚಿದ್ದಳು. ಇನ್ಸ್‌ಪೆಕ್ಟರ್ ಜಯರಾಮಯ್ಯನವರು ಮೈಕಿನ ಮುಂದೆ ನಿಂತು ಸೀಗೆಕಟ್ಟೆಯ ಸ್ಕೂಲನ್ನು ಬಾಯ್ತುಂಬ ಹೊಗಳಿ, ಅಲ್ಲಿ ಒಂದು ಮುಸಲ್ಮಾನರ ಹೆಣ್ಣುಮಗು ಕನ್ನಡ ಪತ್ರಿಕೆಯನ್ನು ಓದಿದ ರೀತಿ ತಮ್ಮ ಕಿವಿಯಲ್ಲಿ ಇನ್ನೂ ಇದೆ ಎಂದರು. ಆ ಹುಡುಗಿ ಎಲ್ಲಿ ಎಂದು ಹೆಡ್‌ಮೇಷ್ಟ್ರನ್ನು ಕೇಳಿದರು. ಅವಳಿಗೆ ಜ್ವರ ಎಂದರು ಹೆಡ್‌ಮೇಷ್ಟ್ರು. ಮೈಕು ಅದನ್ನೂ ಹಿಡಿದು ಮೈದಾನಕ್ಕೆಲ್ಲ ಕೇಳಿಸಿತು.

ಪಾಠ ಶುರುವಾಯಿತು. ನಮ್ಮ ರಾಜ್ಯದ ನದಿಗಳು. ನೀನು ಹೇಳು, ಆಮೇಲೆ ನೀನು, ಹಿಂದೆ ಕೂತಿರುವವನೇ ನೀನು ಎಂದು ಹೆಡ್‌ಮೇಷ್ಟ್ರು ಬೆರಳು ತೋರಿಸಿ ಕೇಳುತ್ತಿದ್ದರು. ಮಕ್ಕಳು ಎದ್ದು ಎದ್ದು ಹೇಳುತ್ತಿದ್ದವು. ಒಂದೂ ತಪ್ಪಲಿಲ್ಲ. ವಿದ್ಯಾಧಿಕಾರಿಗಳು ಸ್ವಲ್ಪ ಹೊತ್ತು ನೋಡಿ, ಬೆರಳು ತೋರಿಸಬೇಡಿ ಮೇಷ್ಟ್ರೇ, ಹೆಸರು ಹಿಡಿದು ಕೇಳಿ ಎಂದರು.

ಶಂಕರಲಿಂಗಪ್ಪನವರು ಮಕ್ಕಳ ಕಡೆ ನೋಡಿದರು. ಇಷ್ಟು ವರ್ಷ ಕಡ ತಂದಿದ್ದರು, ಒಂದು ಮಗುವಿನ ಹೆಸರನ್ನೂ ಕೇಳಿಕೊಂಡಿರಲಿಲ್ಲ. ಹಂಡೆಯ ಹೆಸರನ್ನು ಯಾರು ಕೇಳುತ್ತಾರೆ? ಅವರು ಗಂಟಲು ಸರಿಮಾಡಿಕೊಂಡು "ರಂಗಪ್ಪ" ಎಂದರು. ಆ ಸೀಮೆಯಲ್ಲಿ ಯಾವ ಸ್ಕೂಲಿನಲ್ಲಿ ಹಾಗೆ ಕೂಗಿದರೂ ನಾಲ್ಕು ಜನ ಎದ್ದು ನಿಲ್ಲಬೇಕು. ಆದರೆ ಕಾಡಯ್ಯನಪಾಳ್ಯ ಜುಂಜಪ್ಪ ದೇವರ ಒಕ್ಕಲಿನವರ ಊರು, ಅಲ್ಲಿ ಇಡುವ ಹೆಸರುಗಳೇ ಬೇರೆ. ಯಾರೂ ಏಳಲಿಲ್ಲ. "ತಿಮ್ಮಯ್ಯ" ಎಂದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. "ಏ, ಹೆಸರು ಕೂಗಿದ್ರೆ ಏಳೋಕಾಗಲ್ವಾ? ಅಲ್ಲಿ ಮನೇಲಿ ಏನ್ ಹೇಳಿ ಕಳಿಸಿದ್ರು ನಿಂಗೆ?" ಎಂದು ಮುಂದೆ ಕೂತಿದ್ದ ಹುಡುಗನ ಕಡೆ ಬಗ್ಗಿ ಗದರಿಸಿದರು. ಹುಡುಗ ಅಳುಮುಖ ಮಾಡಿದ. ಅವನು ಏನೂ ತಪ್ಪು ಮಾಡಿರಲಿಲ್ಲ. ಇಲ್ಲದ ಹೆಸರಿಗೆ ಏಳಲಿಲ್ಲ, ಅಷ್ಟೆ.

ನರಸಮ್ಮ ಬೆಂಚಿನಿಂದ ಎದ್ದಳು. ಸಾಹೇಬರನ್ನು ಹಿಡಿಯಬೇಕು, ಹೀಗೆ ಹೀಗೆ ಹೇಳಬೇಕು ಎಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. ತನ್ನ ಮಗುವನ್ನು ಸಭೆಯಲ್ಲಿ ಗದರಿಸುತ್ತಿದ್ದಾರೆ ಎನ್ನುವುದೊಂದೇ ಅವಳಿಗೆ ಕಂಡದ್ದು. ಹೂ ಚುಚ್ಚಿಕೊಂಡವರು ಮತ್ತೆ ಕೈ ಅಡ್ಡ ಹಿಡಿದರು. ಆ ಕೈಯನ್ನು ಸರಿಸಿ ವೇದಿಕೆಯ ಮುಂದೆ ಬಂದು ನಿಂತಳು.

"ಚಿತ್ತಯ್ಯ," ಎಂದಳು.

ಅವಳ ದನಿ ದೊಡ್ಡದೇನಲ್ಲ. ಆದರೆ ಮಕ್ಕಳಿಗೆ ಅದು ದಿನಾ ಬೆಳಿಗ್ಗೆ ಕೇಳುವ ದನಿ. ಗದರಿಸಿಕೊಂಡಿದ್ದ ಹುಡುಗ ನೆಟ್ಟಗೆ ಎದ್ದು ನಿಂತು ಕೈ ಕಟ್ಟಿಕೊಂಡ. "ಹಾಜರ್ ಮೇಡಮ್ಮ."

"ಮೂಡ್ಲಗಿರಿ."

"ಹಾಜರ್ ಮೇಡಮ್ಮ."

"ಸಣ್ಣೀರಮ್ಮ."

"ಹಾಜರ್ ಮೇಡಮ್ಮ."

ಸಭೆಗೆ ಮೊದಲು ಇದು ಪಾಠದ್ದೇ ಒಂದು ಭಾಗ ಎನಿಸಿತು. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಹೆಡ್‌ಮೇಷ್ಟ್ರ ಮುಖ ನೋಡಿದವರಿಗೆ ಅಲ್ಲವೆಂದು ತಿಳಿಯಿತು. ಅವರು ಮೈಕಿನ ಕಂಬವನ್ನು ಹಿಡಿದುಕೊಂಡು ನಿಂತಿದ್ದರು. ಜಯರಾಮಯ್ಯನವರು ಕುರ್ಚಿಯಿಂದ ಎದ್ದು ವೇದಿಕೆಯ ಅಂಚಿಗೆ ಬಂದು, ಯಾರು ನೀವು, ಏನಿದು, ಕೂತುಕೊಳ್ಳಿ ಎಂದರು.

"ಕಾಡಯ್ಯನಪಾಳ್ಯದ ಸ್ಕೂಲಿನ ನರಸಮ್ಮ ಸಾರ್. ಹಾಜರಿ ಕೂಗ್ತಿದೀನಿ. ಅವತ್ತು ನೀವು ಬಂದಾಗ ಕೂಗೋಕಾಗ್ಲಿಲ್ಲ. ಮಕ್ಕಳು ನಿಮ್ಮ ಜೀಪಿನ ಹಿಂದೆ ಓಡಿ ಬರ್ತಾ ಇದ್ವು."

ಇನ್ಸ್‌ಪೆಕ್ಟರು ಮಕ್ಕಳ ಕಡೆ ತಿರುಗಿದರು. ಆಮೇಲೆ ಹೆಡ್‌ಮೇಷ್ಟ್ರ ಕಡೆ. ಹೆಡ್‌ಮೇಷ್ಟ್ರು ಬಾಯಿ ತೆರೆದು, ಇದೆಲ್ಲ ಎಲ್ಲ ಕಡೆಯೂ ಇರೋದೇ ಸಾರ್ ಎಂದು ಏನೋ ಹೇಳಹೊರಟರು. ಮೈಕು ಹತ್ತಿರವಿದೆ ಎಂದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದರು. ಆದರೆ ಮೇಷ್ಟ್ರುಗಳ ಸಾಲಿನಲ್ಲಿ ಬಹಳ ಜನ ತಲೆ ತಗ್ಗಿಸಿಕೊಂಡರು. ಅವರಲ್ಲಿ ಭೂಪಟ ಕಡ ತಂದವರಿದ್ದರು, ಗಡಿಯಾರ ತಂದವರಿದ್ದರು, ಮಕ್ಕಳನ್ನು ತಂದವರೂ ಇದ್ದರು. ಇದು ಇಲ್ಲಿಗೇ ನಿಂತರೆ ಸಾಕಪ್ಪ ಎಂದು ಅಂದುಕೊಳ್ಳದವರು ಅಲ್ಲಿ ಕಡಿಮೆ.

ನರಸಮ್ಮ ನಿಲ್ಲಿಸಲಿಲ್ಲ. ನೋಡಿಕೊಂಡು ಓದಲು ಅವಳ ಕೈಯಲ್ಲಿ ಏನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜುಂಜಣ್ಣ ಎಂದಳು, ಕೆಂಚಮ್ಮ ಎಂದಳು, ಕ್ಯಾತಣ್ಣ ಎಂದಳು. ಹೆಸರು ಬಿದ್ದ ಹಾಗೆಲ್ಲ ಒಂದೊಂದು ಮಗು ಎದ್ದು ನಿಲ್ಲುತ್ತಿತ್ತು. ಕೆಲಸ ಹೋಗಬಹುದು ಎನ್ನುವುದು ಅವಳಿಗೆ ನಡುವೆ ಒಂದು ಸಲ ಹೊಳೆಯಿತು. ಹೋದರೆ ಹೋಗಲಿ, ಅಣ್ಣಂದಿರ ಮನೆಯ ಒಲೆ ಅಲ್ಲೇ ಇದೆ ಎಂದುಕೊಂಡು ಮುಂದಿನ ಹೆಸರು ಕೂಗಿದಳು. ಎರಡು ಸಾಲೂ ಪೂರ್ತಿ ಎದ್ದು ನಿಂತವು.

"ಗೌಹರ್," ಎಂದಳು.

ಯಾರೂ ಹಾಜರ್ ಎನ್ನಲಿಲ್ಲ. ನರಸಮ್ಮನ ಸ್ಕೂಲಿನಲ್ಲಿ ಯಾರಾದರೂ ಬಂದಿಲ್ಲವೆಂದರೆ ಹೆಸರು ಹಾಗೇ ದಾಟುತ್ತಿರಲಿಲ್ಲ. ಎಲ್ಲಿ, ಯಾಕೆ ಎಂದು ಉಳಿದ ಮಕ್ಕಳು ಹೇಳಬೇಕು. ಹೇಳುವವರೆಗೂ ಅವಳು ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ. ಎಷ್ಟೋ ಸಲ ಅಷ್ಟಕ್ಕೇ ಪಾಠ ನಿಲ್ಲಿಸಿ ಆ ಮಗುವಿನ ಮನೆಗೆ ಹೋಗಿ ಬಂದದ್ದೂ ಉಂಟು. ಮಕ್ಕಳಿಗೆ ಅದು ಅಭ್ಯಾಸ. ಮೈಕಿನ ಹತ್ತಿರವೇ ನಿಂತಿದ್ದ ಸಣ್ಣೀರಮ್ಮ, ಇಲ್ಲಿ ಸಾಹೇಬರುಗಳಿದ್ದಾರೆ ಎನ್ನುವುದನ್ನು ಮರೆತು, ದಿನದ ಹಾಗೆ ಹೇಳಿದಳು.

"ಅವಳಿಗೆ ಜ್ವರ ಇಲ್ಲ ಮೇಡಮ್ಮ. ಬಿಡಿಸ್ಬುಟ್ಟವ್ರೆ. ಶಿರಾದಾಗೆ ಬೀಡಿ ಕಟ್ತಾಳೆ. ನಮ್ಮ ಇಸ್ಕೂಲು ಮುಚ್ತಾರಲ್ಲ, ಅದ್ಕೆ."

ಕಂಬದ ಮೇಲಿನ ಕಹಳೆಗಳಿಂದ ಆ ಮಾತು ಮೈದಾನ ದಾಟಿ ಬಸ್ ಸ್ಟ್ಯಾಂಡಿನವರೆಗೂ ಹೋಯಿತು. ವಿದ್ಯಾಧಿಕಾರಿಗಳು ಜಯರಾಮಯ್ಯನವರ ಕಡೆ ಬಾಗಿ, ಯಾವ ಸ್ಕೂಲು ಮುಚ್ಚುತ್ತಿದ್ದೀರಿ ಎಂದು ಕೇಳಿದರು. ಜಯರಾಮಯ್ಯನವರು ನರಸಮ್ಮನ ಕಡೆ ತಿರುಗಿದರು. ಅವರ ದನಿ ಈಗ ಇಳಿದಿತ್ತು.

"ಆಯ್ತಮ್ಮ. ಒಂದು ಮಗು ಗೈರುಹಾಜರಿ. ಮುಂದಿನ ಹೆಸರು ಕೂಗಿ ಮುಗಿಸಿಬಿಡಿ."

"ಅವಳು ಗೈರುಹಾಜರಿ ಅಂತ ನಾನು ಹಾಕಲ್ಲ ಸಾರ್," ಎಂದಳು ನರಸಮ್ಮ. "ನನ್ನ ಸ್ಕೂಲಿನ ಬಾಗಿಲು ತೆಗ್ದೇ ಐತೆ. ಯಾಕೆ ಬಂದಿಲ್ಲ ಅಂತ ನೀವು ಹೇಳಿ. ಹೇಳಿದ್ಮೇಲೆ ಮುಂದಕ್ಕೆ ಹೋಗ್ತೀನಿ."

ಶಾಲನ್ನು ತಟ್ಟೆಯಲ್ಲಿಟ್ಟುಕೊಂಡು ವೇದಿಕೆಯ ಪಕ್ಕದಲ್ಲಿ ನಿಂತಿದ್ದವರು ಬರಬೇಕೋ ಬೇಡವೋ ತಿಳಿಯದೆ ಒಂದು ಹೆಜ್ಜೆ ಮುಂದಿಟ್ಟು ನಿಂತರು. ಹೆಡ್‌ಮೇಷ್ಟ್ರು ಮೈಕಿನ ಕಂಬ ಬಿಟ್ಟು ಹಿಂದೆ ಸರಿದರು. ಸಾಕು, ಕೂತುಕೊಳ್ಳಿ ಮಕ್ಕಳೇ ಎಂದು ಇನ್ಸ್‌ಪೆಕ್ಟರು ಮಕ್ಕಳಿಗೆ ಕೈಸನ್ನೆ ಮಾಡಿದರು. ಮಕ್ಕಳು ಅವರನ್ನು ನೋಡಲಿಲ್ಲ. ಕೆಳಗೆ ನಿಂತಿದ್ದ ನರಸಮ್ಮನ ಮುಖವನ್ನೇ ನೋಡುತ್ತಿದ್ದವು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ಸ್‌ಪೆಕ್ಟರ ಮುಖದಿಂದ ಕಣ್ಣು ತೆಗೆಯದೆ, ಇನ್ನೊಂದು ಸಲ ಕೂಗಿದಳು.

"ಗೌಹರ್."

ಎರಡು ಸಾಲಿನಲ್ಲಿ ಕೈ ಕಟ್ಟಿ ನಿಂತಿದ್ದ ಮಕ್ಕಳಲ್ಲಿ ಒಂದೂ ಕೂರಲಿಲ್ಲ.